ದಾಳಿಂಬೆ ಸಸಿಯ ಬಿಲ್ ಎಲ್ಲಿದೆ?

ಪುಣೆಯಲ್ಲಿ ನೌಕರಿ ಮಾಡುತ್ತ ಊರಿನ ಹೊಲಕ್ಕೆ ದುಡ್ಡು ಕಳಿಸುವ ಕನ್ನಡಿಗರಲ್ಲಿ ನಾನೂ ಒಬ್ಬ. ವಿಜಯಪುರ ಜಿಲ್ಲೆಯ ನಮ್ಮೂರಲ್ಲಿ ಕಾಕಾ ಒಂದು ಎಕರೆಗೆ ಮುನ್ನೂರು ಭಗವಾ ದಾಳಿಂಬೆ ಸಸಿ ಹಚ್ಚಿದಾಗ ಅರ್ಧ ಖರ್ಚು ನನ್ನದೇ. ಮೂರನೇ ವರ್ಷ ಮೊದಲ ಫಸಲಿನ ಹೊತ್ತಿಗೆ ಕಾಯಿಗಳ ಮೇಲೆ ಕಪ್ಪು ಚುಕ್ಕೆ ಬಿದ್ದು ಸೀಳತೊಡಗಿದವು. ದುಂಡಾಣು ಅಂಗಮಾರಿ. ಮಳೆ–ಗಾಳಿಯಿಂದ, ಸವರುವ ಕತ್ತರಿಯಿಂದಲೂ ಹರಡುವ ರೋಗವಿದು. ಸಸಿಯ ಜೊತೆಗೇ ಬಂತೆಂದು ಆಣೆ ಮಾಡಲಾರೆ. ಆದರೆ ಹೊಸ ಹೊಲಕ್ಕೆ ಅದು ಕಾಲಿಡುವ ಒಂದು ಮುಖ್ಯ ದಾರಿ ಸಸಿಯೇ. ನರ್ಸರಿಯವರನ್ನು ಕೇಳೋಣವೆಂದು ಬಿಲ್ ಎಲ್ಲಿದೆ ಎಂದೆ. “ಬಿಲ್ ಯಾರ ಕೊಡತಾರೋ ತಮ್ಮಾ, ಗುರುತಿನವರ ಕಡೆ ತಂದೀನಿ” ಎಂದರು ಕಾಕಾ.

ಕೇಂದ್ರ ಸಚಿವ ಸಂಪುಟ 2024ರ ಆಗಸ್ಟ್ 9ರಂದು 1,765.67 ಕೋಟಿ ರೂಪಾಯಿಯ ‘ಕ್ಲೀನ್ ಪ್ಲಾಂಟ್’ ಕಾರ್ಯಕ್ರಮಕ್ಕೆ ಒಪ್ಪಿಗೆ ಕೊಟ್ಟಿತು. ಒಂಬತ್ತು ಕೇಂದ್ರಗಳಲ್ಲಿ ದ್ರಾಕ್ಷಿಯದು ಇಲ್ಲೇ ಪುಣೆಯಲ್ಲಿ, ದಾಳಿಂಬೆಯದು ಸೊಲ್ಲಾಪುರದಲ್ಲಿ, ಮಾವು, ಪೇರಲ, ಬೆಣ್ಣೆಹಣ್ಣಿನದು ಬೆಂಗಳೂರಿನಲ್ಲಿ. ತಾಯಿಗಿಡಗಳನ್ನು ಪರೀಕ್ಷಿಸಿ, ರೋಗಮುಕ್ತವಾದುದನ್ನು ನರ್ಸರಿಗಳಿಗೆ ಒದಗಿಸುವುದು ಉದ್ದೇಶ. 2025ರ ಜುಲೈನಲ್ಲಿ ಪುಣೆಗೆ ಬಂದಿದ್ದ ಕೃಷಿ ಸಚಿವ ಶಿವರಾಜ್ ಸಿಂಗ್ ಚೌಹಾಣ್ ದೊಡ್ಡ ನರ್ಸರಿಗೆ 3 ಕೋಟಿ, ಮಧ್ಯಮ ನರ್ಸರಿಗೆ ಒಂದೂವರೆ ಕೋಟಿ ನೆರವು ಎಂದರು. ಬೇಕಾಗಿದ್ದ ಕೆಲಸವೇ, ತಕರಾರಿಲ್ಲ.

ಆದರೆ ಕಾಕಾನಂಥವರು ಸಸಿ ಕೊಳ್ಳುವುದು ಅಂಥ ನರ್ಸರಿಯಲ್ಲಲ್ಲ. ರಸ್ತೆ ಬದಿಯ ಸಣ್ಣ ನರ್ಸರಿಯಲ್ಲಿ, ಇಲ್ಲವೇ ಪಕ್ಕದೂರಿನ ತೋಟದಲ್ಲಿ ಕಟ್ಟಿದ ಗೂಟಿಯನ್ನು. ಗೂಟಿ ಎಂದರೆ ತಾಯಿಗಿಡದ ಟೊಂಗೆಯೇ ತಾನೆ; ಅದರ ರೋಗವೂ ಪುಕ್ಕಟೆಯಾಗಿ ಜೊತೆಗೆ ಬರುತ್ತದೆ.

ಜೋಳದ ಬೀಜ ಮೊಳೆಯದಿದ್ದರೆ ವಾರದಲ್ಲಿ ಗೊತ್ತಾಗುತ್ತದೆ. ಮಾವಿನ ಕಸಿ ಬೇರೆ ತಳಿಯದೆಂದು ತಿಳಿಯಲು ನಾಲ್ಕೈದು ವರ್ಷ ಬೇಕು. ಅಷ್ಟರಲ್ಲಿ ನರ್ಸರಿಯ ಬೋರ್ಡೇ ಬದಲಾಗಿರಬಹುದು. ಬೀಜ ಕೊಂಡ ರೈತನೂ ಗ್ರಾಹಕನೇ, ಬೆಳೆ ಕೈಕೊಟ್ಟರೆ ಗ್ರಾಹಕರ ವೇದಿಕೆಗೆ ಹೋಗಬಹುದು ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿದೆ. ಬಿಲ್ಲೇ ಇಲ್ಲದವನು ಏನು ಹಿಡಿದು ಹೋಗಬೇಕು? ಮಹಾರಾಷ್ಟ್ರದಲ್ಲಿ ಹಣ್ಣಿನ ನರ್ಸರಿಗಳ ನಿಯಂತ್ರಣಕ್ಕೆ 1969ರಿಂದಲೇ ಕಾಯ್ದೆಯಿದೆ. ಆದರೂ ಟೆಂಪೊ ಏರಿ ಗಡಿ ದಾಟಿ ನಮ್ಮ ಕಡೆ ಬರುವ ಸಸಿಯ ಜೊತೆ ಕಾಗದ ಬಂದದ್ದನ್ನು ನಾನಂತೂ ನೋಡಿಲ್ಲ.

ಆಗದ ಮಾತೇನಲ್ಲ. ಅಂಗಾಂಶ ಕೃಷಿಯ ಸಸಿಗಳಿಗೆ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ 2006ರಲ್ಲೇ ಪ್ರಮಾಣೀಕರಣ ತಂದಿದೆ. ಬಾಳೆ ಸಸಿಯನ್ನು ವೈರಸ್ ಪರೀಕ್ಷೆ ಮಾಡಿಸಿ, ಲೇಬಲ್ ಹಚ್ಚಿ ಮಾರಲು ದಾರಿಯಾಯಿತು. ದಾಳಿಂಬೆಗೂ ಅದನ್ನೇ ಕೇಳುವುದು ತಪ್ಪೇ? ಕೋಟಿಗಟ್ಟಲೆ ನೆರವು ಪಡೆಯುವ ನರ್ಸರಿಗೆ ಎರಡು ಷರತ್ತು ಹಾಕಲಿ: ಪ್ರತಿ ಸಸಿಗೂ ಲೇಬಲ್ ಮತ್ತು ಬಿಲ್ ಇರಬೇಕು, ಇಂತಿಷ್ಟು ಪಾಲು ಸಣ್ಣ ರೈತರಿಗೆ ಮೀಸಲಿಡಬೇಕು. ಜೊತೆಗೆ ಊರಿನ ಸಣ್ಣ ನರ್ಸರಿಯವನಿಗೂ ಶುದ್ಧ ತಾಯಿಗಿಡ ಕೈಗೆಟುಕುವ ದರದಲ್ಲಿ ಸಿಗಲಿ. ಅವನನ್ನು ಬರೀ ದಂಡ ಹಾಕಿ ಮುಚ್ಚಿಸಿದರೆ ಗೂಟಿ ವ್ಯಾಪಾರ ಕತ್ತಲಲ್ಲಿ ನಡೆಯುತ್ತದೆ, ಅಷ್ಟೆ.

ಕಾಕಾ ಈಗ ದಾಳಿಂಬೆ ಕಿತ್ತು ಲಿಂಬಿ ಹಚ್ಚುವ ಮಾತಾಡುತ್ತಿದ್ದಾರೆ. ಈ ಸಲ ಬಿಲ್ಲಿನ ಫೋಟೊ ಬಂದಮೇಲೆಯೇ ದುಡ್ಡು, ತಳಿ, ತಾಯಿಗಿಡ, ತಾರೀಖು ಮೂರನ್ನೂ ಬರೆಸಿಕೊಳ್ಳಿ ಎಂದೆ. “ಅಷ್ಟೆಲ್ಲಾ ಬರದ ಕೊಡೋ ನರ್ಸರಿ ಸಿಕ್ಕರ ಹೇಳತೀನಿ” ಎಂದು ಫೋನ್ ಇಟ್ಟರು.