ಜೇಬಿನ ಪಿಸ್ತೂಲಿಗೆ ಹೊಸ ಹೊಳಪು ಬೇಡ

ಹಳೆಯ ವಸ್ತುಗಳನ್ನು ಕೂಡಿಡುವವರಲ್ಲಿ ಒಂದು ವಿಚಿತ್ರವಾದ ಚಟವುಂಟು. ಹಳೆಯದೆಂಬ ಕಾರಣಕ್ಕೇ ವಸ್ತುವನ್ನು ಹೆಚ್ಚು ಬೆಲೆ ಕೊಟ್ಟು ತರುವರು. ತಂದ ಮರುದಿನವೇ, ಹುಣಿಸೆಹಣ್ಣು ಹಚ್ಚಿ ಚೊಂಬನ್ನು ಬೆಳಗುವಂತೆ, ಅದನ್ನು ಉಜ್ಜಿ ಹೊಸದಾಗಿಸಲು ಹೊರಡುವರು. 20ನೆಯ ಶತಮಾನದ ಆದಿಯಲ್ಲಿ ಜರ್ಮನಿಯಲ್ಲಿ ತಯಾರಾದ ಜೇಬಿನ ಪಿಸ್ತೂಲುಗಳಲ್ಲಿ ಎಷ್ಟೋ ಸಂಗ್ರಾಹಕರ ಕೈಯಲ್ಲಿ ಈ ಗತಿಯನ್ನು ಕಂಡಿವೆ. ಇದನ್ನು ನಾನು ಸಾಕ್ಷ್ಯನಾಶವೆಂದೇ ಕರೆಯುತ್ತೇನೆ.

ಈ ಪಿಸ್ತೂಲುಗಳ ಯಂತ್ರತತ್ತ್ವ ಸರಳವಾದುದು. ಅಮೆರಿಕದ ಜಾನ್ ಬ್ರೌನಿಂಗನ ವಿನ್ಯಾಸದಂತೆ 1900ರ ಸುಮಾರಿಗೆ ಬೆಲ್ಜಿಯಮ್ಮಿನಲ್ಲಿ ಹೊರಬಂದ ಪಿಸ್ತೂಲು ಇವಕ್ಕೆ ದಾರಿ ತೋರಿಸಿತು. ಗುಂಡು ಮುಂದಕ್ಕೆ ಹಾರಿದಾಗ, ನ್ಯೂಟನ್ನನ ಮೂರನೆಯ ನಿಯಮದಂತೆ, ಮೇಲಿನ ಉಕ್ಕಿನ ಜಾರುಕವಚವು ಹಿಂದಕ್ಕೆ ಸರಿಯುತ್ತದೆ. ಕವಚವು ಗುಂಡಿಗಿಂತ 50 ಪಟ್ಟು ಭಾರವಾಗಿದ್ದರೆ ಅದರ ವೇಗವು ಗುಂಡಿನ ವೇಗದ ಐವತ್ತರಲ್ಲಿ ಒಂದು ಪಾಲು ಮಾತ್ರ. ಖಾಲಿ ತೋಟಾ ಹೊರಬಿದ್ದು, ಸ್ಪ್ರಿಂಗಿನ ಬಲದಿಂದ ಕವಚವು ಮರಳುವಾಗ ಇನ್ನೊಂದು ತೋಟಾ ಒಳಸೇರುತ್ತದೆ. ಇದೊಂದೇ ತತ್ತ್ವವನ್ನು 1907ರ ಡ್ರೈಜೆ, 1910 ಮತ್ತು 1914ರ ಮೌಸರ್, 1913ರ ಸೌವರ್ ಪಿಸ್ತೂಲುಗಳು ತಮ್ಮತಮ್ಮ ರೀತಿಯಲ್ಲಿ ದುಡಿಸಿಕೊಂಡವು.

ಆದರೆ ತತ್ತ್ವವನ್ನು ಪುಸ್ತಕದಲ್ಲಿಯೂ ಓದಬಹುದು. ಆಯಾ ಪಿಸ್ತೂಲಿನ ಕಥೆ ಬರೆದಿರುವುದು ಅದರ ಮೈಮೇಲೆಯೇ. ವಾಲ್ಟರ್ ಪಿಸ್ತೂಲನ್ನು ನೋಡಿರಿ. ಆ ಕಾರ್ಖಾನೆಯಿದ್ದ ತ್ಸೆಲ್ಲಾ ಸೇಂಟ್ ಬ್ಲಾಸಿಯಿ ಎಂಬ ಊರು 1919ರಲ್ಲಿ ನೆರೆಯ ಮೇಲಿಸ್‌ನೊಡನೆ ಸೇರಿ ತ್ಸೆಲ್ಲಾ-ಮೇಲಿಸ್ ಆಯಿತು. ಕವಚದ ಮೇಲೆ ಕೆತ್ತಿದ ಊರಿನ ಹೆಸರು ಬದಲಾಗಿದ್ದರೆ, ಅದು ಮಹಾಯುದ್ಧದ ಅನಂತರದ್ದೆಂದು ತಿಳಿಯುತ್ತದೆ. ಎರ್ಫುರ್ಟಿನ ಆರ್ಟ್‌ಗೀಸ್ ಪಿಸ್ತೂಲಿನ ಮೇಲಣ ಬರಹವೂ ಹೀಗೆಯೇ. ಮೊದಲು ಆರ್ಟ್‌ಗೀಸನ ಹೆಸರು, ಆಮೇಲೆ ಅದನ್ನು ಕೊಂಡ ಡಾಯಿಚೆ ವೆರ್ಕೆ ಕಂಪನಿಯ ಹೆಸರು. ಇನ್ನು ಪರೀಕ್ಷಾಮುದ್ರೆ: ನಳಿಗೆಯು ಹೆಚ್ಚಿನ ಒತ್ತಡವನ್ನು ತಾಳಿತೆಂಬುದಕ್ಕೆ ಸರ್ಕಾರವು ಒತ್ತಿದ ಗುರುತು. ಮೊದಲು ಅದರಲ್ಲಿ ಕಿರೀಟವಿತ್ತು. 1940ರಿಂದ ಈಚೆಗೆ ಹದ್ದು ಬಂದಿತು. ಒಂದು ರಾಷ್ಟ್ರದ ಚರಿತ್ರೆಯೇ ಸಾಸಿವೆಕಾಳಿನಷ್ಟು ಜಾಗದಲ್ಲಿ ಅಡಗಿದೆ.

ಉಕ್ಕಿನ ನೀಲಿಗಪ್ಪು ಬಣ್ಣವೂ ಬರಿಯ ಅಲಂಕಾರವಲ್ಲ. ಹಳೆಯ ವಿಧಾನದಲ್ಲಿ ಉಕ್ಕಿಗೆ ಆಮ್ಲದ್ರಾವಣವನ್ನು ಸವರಿ, ಬೇಕೆಂದೇ ತೆಳುವಾಗಿ ತುಕ್ಕು ಹಿಡಿಸಿ, ಕುದಿಯುವ ನೀರಿನಲ್ಲಿ ಅದ್ದುತ್ತಿದ್ದರು. ಕೆಂಪು ಆಕ್ಸೈಡು ಕಪ್ಪು ಆಕ್ಸೈಡಾಗಿ, ಎಂದರೆ ಮ್ಯಾಗ್ನಟೈಟಾಗಿ, ಮಾರ್ಪಡುತ್ತಿತ್ತು. ಸಡಿಲವಾದ ಪುಡಿಯನ್ನು ಕುಂಚದಿಂದ ಉಜ್ಜಿ ಇದನ್ನೇ ಹಲವು ಸಲ ಮಾಡಬೇಕು. ಕೆಲವು ಚಿಕ್ಕ ಭಾಗಗಳಿಗೆ ಬಣ್ಣ ಬಂದುದು ಬರಿಯ ಶಾಖದಿಂದ: ಸುಮಾರು 230 ಡಿಗ್ರಿ ಸೆಂಟಿಗ್ರೇಡಿನಲ್ಲಿ ಒಣಹುಲ್ಲಿನ ಹಳದಿ, 300ರ ಸುಮಾರಿಗೆ ನವಿಲುಗೊರಳಿನ ನೀಲಿ. ಇಲ್ಲಿ ಬಣ್ಣದ ಪದಾರ್ಥವೇ ಇಲ್ಲ. ನೀರಿನ ಮೇಲೆ ತೇಲುವ ಎಣ್ಣೆಯಂತೆ, ಅತ್ಯಂತ ತೆಳುವಾದ ಪದರದಲ್ಲಿ ಬೆಳಕಿನ ಅಲೆಗಳು ಪರಸ್ಪರ ಕೂಡಿ ಕಳೆದು ಉಂಟುಮಾಡುವ ಬಣ್ಣವದು.

ಹೊಸ ಹೊಳಪು ಕೊಡುವವನು ಮೊದಲು ಈ ಪದರವನ್ನೆಲ್ಲ ಉಜ್ಜಿ ತೆಗೆಯುತ್ತಾನೆ. ಅಕ್ಷರಗಳ ಅಂಚು ದುಂಡಗಾಗುತ್ತದೆ, ಮುದ್ರೆಗಳು ಮಸುಕಾಗುತ್ತವೆ. ಬಳಿಕ ಎಲ್ಲ ಭಾಗಗಳನ್ನೂ ಕುದಿಯುವ ಕ್ಷಾರದ ತೊಟ್ಟಿಯಲ್ಲಿ ಮುಳುಗಿಸಿ ಒಂದೇ ಸಮನಾದ ಕಪ್ಪನ್ನು ಪಡೆಯುತ್ತಾನೆ. ಅಳಿಸಿದ ಅಂಕಿಯನ್ನು ಆಮ್ಲದಿಂದ ಮತ್ತೆ ಕಾಣಿಸಬಹುದಲ್ಲವೇ ಎಂದು ರಸಾಯನಶಾಸ್ತ್ರದ ವಿದ್ಯಾರ್ಥಿ ಕೇಳಬಹುದು. ಹೌದು, ಅಚ್ಚಿನ ಏಟಿಗೆ ಕೆಳಗಿನ ಲೋಹದ ಹರಳುಗಳು ನಲುಗಿರುವುದರಿಂದ ಕೆಲವೊಮ್ಮೆ ಅದು ಸಾಧ್ಯ. ಬಣ್ಣದ ಪದರಕ್ಕೆ ಅಂಥ ಪುನರ್ಜನ್ಮವಿಲ್ಲ.

ಒಂದು ಅಂಕಿಗೆ ಎಷ್ಟು ಬೆಲೆಯೆಂಬುದಕ್ಕೆ ಜರ್ಮನಿಯ ಹೊರಗಿನ ಒಂದು ನಿದರ್ಶನ ಸಾಕು. 1914ರಲ್ಲಿ ಸರಾಯೆವೋದಲ್ಲಿ ಆಸ್ಟ್ರಿಯದ ಯುವರಾಜ ಫ್ರಾನ್ಜ್ ಫರ್ಡಿನಾಂಡನನ್ನು ಕೊಂದದ್ದು ಬೆಲ್ಜಿಯಮ್ಮಿನಲ್ಲಿ ತಯಾರಾದ ಇದೇ ಜಾತಿಯ ಪುಟ್ಟ ಬ್ರೌನಿಂಗ್ ಪಿಸ್ತೂಲು. ದಶಕಗಳ ಕಾಲ ಕ್ರೈಸ್ತ ಪಾದ್ರಿಗಳ ವಶದಲ್ಲಿದ್ದು 2004ರಲ್ಲಿ ವಿಯೆನ್ನಾದ ಸೇನಾ ಇತಿಹಾಸ ಸಂಗ್ರಹಾಲಯವನ್ನು ಸೇರಿದ ಆ ಆಯುಧವನ್ನು ಇಂದಿಗೂ ಅದರ 19074 ಎಂಬ ಕ್ರಮಾಂಕದಿಂದಲೇ ಗುರುತಿಸುತ್ತಾರೆ.

ತುಕ್ಕನ್ನು ಹಾಗೆಯೇ ಬಿಡಬೇಕೆಂದು ನನ್ನ ವಾದವಲ್ಲ. ಬೆರಳಿನ ಬೆವರಿನ ಉಪ್ಪು ಕೂಡ ಉಕ್ಕನ್ನು ತಿನ್ನುತ್ತದೆ. ಹತ್ತಿಯ ಕೈಗವಸು, ತೆಳುವಾದ ಎಣ್ಣೆ, ಒಣಗಿದ ಗಾಳಿ ಇವಿಷ್ಟು ಅವಶ್ಯ. ಕೊಲ್ಲಬಲ್ಲ ಯಂತ್ರವನ್ನು ನಿರುಪಯುಕ್ತಗೊಳಿಸಬೇಕೆಂಬ ಕಾನೂನಿಗೂ ನನ್ನ ವಿರೋಧವಿಲ್ಲ. ಯೂರೋಪಿನ ಒಕ್ಕೂಟವು 2015ರಲ್ಲಿ ಇದಕ್ಕಾಗಿ ಕಟ್ಟುನಿಟ್ಟಾದ ನಿಯಮಗಳನ್ನು ಮಾಡಿದಾಗ ಎಷ್ಟೋ ಸಂಗ್ರಾಹಕರು ಗೊಣಗಿದರು. ಮನುಷ್ಯನ ಪ್ರಾಣದ ಮುಂದೆ ಮ್ಯಾಗ್ನಟೈಟಿನ ಪದರವೇನು ದೊಡ್ಡದಲ್ಲ. ಆದರೆ ಬೆಸುಗೆಯ ಜ್ವಾಲೆ ತಗಲುವ ಮೊದಲು ಪಿಸ್ತೂಲನ್ನು ಬಿಚ್ಚಿ, ಒಳಗಣ ಅಂಕಿಗಳನ್ನು ಬರೆದು, ಪ್ರತಿಯೊಂದು ಮುದ್ರೆಯನ್ನೂ ಓರೆಬೆಳಕಿನಲ್ಲಿ ಛಾಯಾಚಿತ್ರ ತೆಗೆದಿಡಲು ಒಂದು ಮಧ್ಯಾಹ್ನ ಸಾಕು. ಆ ಮಧ್ಯಾಹ್ನವನ್ನು ಕಡ್ಡಾಯ ಮಾಡಿದ ನಿಯಮ ನನ್ನ ಕಣ್ಣಿಗೆ ಬಿದ್ದಿಲ್ಲ.