ಪಿತಾಮಹರ ಹುಟ್ಟೂರು, ಪಿತಾಮಹರ ಮಟ್ಟು

ಪುರಂದರದಾಸರು ಹುಟ್ಟಿದ್ದು ಪುಣೆಯ ಬಳಿಯ ಪುರಂದರಗಡದಲ್ಲೋ, ನಮ್ಮ ಮಲೆನಾಡಿನ ಆರಗದಲ್ಲೋ ಎಂಬ ವಾದ ಇನ್ನೂ ತಣ್ಣಗಾಗಿಲ್ಲ. ಈಚಿನ ವರ್ಷಗಳಲ್ಲಿ ತಜ್ಞರ ಸಮಿತಿಯೊಂದು ಆರಗದ ಕಡೆಗೆ ತೀರ್ಪು ಕೊಟ್ಟ ಮೇಲೆ ನಮ್ಮವರಿಗೆ ಹಿಗ್ಗೋ ಹಿಗ್ಗು. ಹಿಗ್ಗಲಿ, ಬೇಡವೆನ್ನಲು ನಾನು ಯಾರು? ಆದರೆ ಅವರನ್ನು ಒಂದು ಮಾತು ಕೇಳಬೇಕಾಗಿದೆ. 'ಕರ್ನಾಟಕ ಸಂಗೀತ ಪಿತಾಮಹ'ರೆಂದು ನಾವು ಕೊಂಡಾಡುವ ಈ ಮಹಾನುಭಾವರ ಸಂಗೀತವೆಲ್ಲಿ?

ಸಾಹಿತ್ಯವಿದೆ, ಒಪ್ಪಿದೆ. 4,75,000 ಪದಗಳೆಂಬ ಸಂಪ್ರದಾಯದ ಲೆಕ್ಕವನ್ನು ಬದಿಗಿಟ್ಟರೂ ನೂರಾರು ಪದಗಳು ಅಚ್ಚಾಗಿ ಮನೆಮನೆಗಳಲ್ಲಿವೆ. ಆದರೆ ಮಟ್ಟು? ಕಂಪ್ಲಿಯಿಂದಲೂ ಸಂಡೂರಿನಿಂದಲೂ ಹೊಸಪೇಟೆಯ ನಮ್ಮ ಕಾಲೇಜಿಗೆ ಬರುವ ಹುಡುಗ ಹುಡುಗಿಯರು ದಾಸರ ಪದಗಳನ್ನು ಸಲೀಸಾಗಿ ಹಾಡುತ್ತಾರೆ. ಧಾಟಿ ಮಾತ್ರ ರೇಡಿಯೋದ್ದು, ಕ್ಯಾಸೆಟ್ಟಿನದು. 'ಜಗದೋದ್ಧಾರನ' ಎಂದೊಡನೆ ನಮ್ಮ ಕಿವಿಗೆ ಬರುವ ಕಾಪಿಯ ಧಾಟಿ ಮನೆಮಾತಾದದ್ದು ಬಿ.ಎಸ್. ರಾಜ ಅಯ್ಯಂಗಾರ್ಯರ ಗ್ರಾಮಫೋನ್ ತಟ್ಟೆಯಿಂದ. ಬಿಡಾರಂ ಕೃಷ್ಣಪ್ಪನವರೂ ಎಂ.ಎಲ್. ವಸಂತಕುಮಾರಿಯವರೂ ದೇವರನಾಮಗಳಿಗೆ ಕಚೇರಿಯಲ್ಲಿ ಮಣೆ ಹಾಕಿ ಕೂರಿಸಿದರು. ಆ ಉಪಕಾರ ದೊಡ್ಡದು. ಹಾಡಬಾರದೆಂದು ನಾನು ಹೇಳುತ್ತಿಲ್ಲ. ಕಳೆದ ಶತಮಾನದ ರಾಗಸಂಯೋಜನೆಗೆ ದಾಸರ ಮುದ್ರೆಯೊತ್ತಿ 'ಇದೇ ಸಂಪ್ರದಾಯ' ಎನ್ನಬೇಡಿ ಎಂಬುದಷ್ಟೇ ನನ್ನ ತಕರಾರು.

'ದಾಸರಿಗೆ ಬೇಕಾದದ್ದು ಭಕ್ತಿ, ರಾಗವಲ್ಲ' ಎನ್ನುವವರಿದ್ದಾರೆ. ಹಾಗಾದರೆ ಪಿತಾಮಹರೆಂಬ ಬಿರುದನ್ನು ಹಿಂದಕ್ಕೆ ಪಡೆಯಿರಿ! ಸರಳೆ, ಜಂಟಿವರಸೆ, ಅಲಂಕಾರ, ಪಿಳ್ಳಾರಿ ಗೀತೆಗಳನ್ನು ಕ್ರಮಗೊಳಿಸಿದವರು ಅವರೇ ಎಂದು ಸಂಪ್ರದಾಯ ಹೇಳುತ್ತದೆ. ಇನ್ನು ಸುಳಾದಿಯಂತೂ ಬರಿಯ ಪದ್ಯವಲ್ಲ. ಧ್ರುವ, ಮಠ್ಯ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ ಎಂದು ತಾಳದಿಂದ ತಾಳಕ್ಕೆ ದಾಟುತ್ತ ಬೆಳೆಯುವ ಕಟ್ಟಡ. ಅದನ್ನು ನಮ್ಮ ಪಠ್ಯಪುಸ್ತಕಗಳು ತಾಳ ಕಳಚಿ, ನೀತಿಬೋಧೆಯ ಪದ್ಯವೆಂದು ಹುಡುಗರ ಮುಂದಿಡುತ್ತವೆ. ಓಲೆಗರಿಯ ಪ್ರತಿಗಳಲ್ಲಿ ಪದದ ನೆತ್ತಿಯ ಮೇಲೆ ರಾಗ ತಾಳಗಳ ಹೆಸರುಂಟು, ಸ್ವರವಿಲ್ಲ. ಆ ರಾಗದ ಹೆಸರೂ ಪ್ರತಿಯಿಂದ ಪ್ರತಿಗೆ ಬದಲು.

ವಿಜಯನಗರ ಹಾಳಾಯಿತು, ಅದರೊಡನೆ ಎಲ್ಲವೂ ಹೋಯಿತು ಎಂಬುದು ನಮ್ಮ ನಿತ್ಯದ ಸಬೂಬು. ದಾಸರು ತೀರಿಕೊಂಡದ್ದು 1564ರಲ್ಲಿ, ರಕ್ಕಸತಂಗಡಿ ಮರುವರ್ಷ. ಸಬೂಬಿಗೆ ತಾರೀಖೇನೋ ಅನುಕೂಲವಾಗಿದೆ. ಆದರೆ ಇನ್ನೊಂದು ಹಾಳಾದ ಸಾಮ್ರಾಜ್ಯದ ಕಥೆ ಕೇಳಿ. ಬಿಜಾಂಟಿಯಂನಲ್ಲಿ, ನಮ್ಮ ಹರಿಹರ ಬುಕ್ಕರ ಕಾಲಕ್ಕೆ ತುಸು ಹಿಂದೆ, ಯೊಹಾನ್ನಿಸ್ ಕುಕುಜೇಲಿಸ್ ಎಂಬ ಸಂನ್ಯಾಸಿ ಗಾಯಕನಿದ್ದ. ಆಥೋಸ್ ಬೆಟ್ಟದ ಮಠದಲ್ಲಿ ಬಾಳಿದವನು. ಅವನಿಗೂ ಹುಟ್ಟೂರಿನ ಜಗಳ ತಪ್ಪಲಿಲ್ಲ: ಊರು ಇಂದಿನ ಅಲ್ಬೇನಿಯಾದಲ್ಲಿದೆ, ಬಲ್ಗೇರಿಯದವರು ತಮ್ಮವನೆನ್ನುತ್ತಾರೆ, ಗ್ರೀಕರು ಬಿಡುವುದಿಲ್ಲ. 1453ರಲ್ಲಿ ರಾಜಧಾನಿ ಬಿತ್ತು. ಆದರೂ ಅವನ ಮಟ್ಟುಗಳು ಅವನ ಹೆಸರಿನಲ್ಲೇ ಸ್ವರಚಿಹ್ನೆಗಳೊಡನೆ ಉಳಿದಿವೆ. 1336ರ ಪ್ರತಿಯೊಂದು ಅಥೆನ್ಸಿನ ಗ್ರಂಥಾಲಯದಲ್ಲಿದೆ. ಆ ಚಿಹ್ನೆಗಳನ್ನು ಹೇಗೆ ಓದಬೇಕೆಂದು ವಿದ್ವಾಂಸರು ಕಚ್ಚಾಡುತ್ತಾರೆ, ನಿಜ. ಕಚ್ಚಾಡುವುದಕ್ಕೆ ಅವರ ಕೈಯಲ್ಲಿ ಹಾಳೆಯಾದರೂ ಇದೆ.

ಸ್ವರ ಬರೆಯುವುದು ನಮಗೆ ತಿಳಿಯದಿತ್ತೆ? 13ನೆಯ ಶತಮಾನದ 'ಸಂಗೀತ ರತ್ನಾಕರ'ದಲ್ಲೇ ಸ್ವರಲಿಪಿಯುಂಟು. ಅದಕ್ಕೆ 'ಕಲಾನಿಧಿ' ಎಂಬ ವ್ಯಾಖ್ಯಾನ ಬರೆದ ಕಲ್ಲಿನಾಥ ವಿಜಯನಗರದವನು. ದಾಸರು ಇನ್ನೂ ಬದುಕಿದ್ದಾಗಲೇ, 1550ರಲ್ಲಿ, ಅಳಿಯ ರಾಮರಾಯನ ಆಶ್ರಯದಲ್ಲಿ ರಾಮಾಮಾತ್ಯ 'ಸ್ವರಮೇಲಕಲಾನಿಧಿ'ಯನ್ನು ಮುಗಿಸಿದ. ಹಂಪಿಗೆ ಬರುವ ಪ್ರವಾಸಿಗಳಲ್ಲಿ ಎಷ್ಟು ಮಂದಿ ಈ ಇಬ್ಬರ ಹೆಸರು ಕೇಳಿದ್ದಾರೆ? ವಿಠಲ ದೇವಾಲಯದ ಕಂಬ ತಟ್ಟಿದರೆ ಸಪ್ತಸ್ವರ ಬರುತ್ತದೆಂಬ ಕಥೆ ಮಾತ್ರ ಎಲ್ಲರಿಗೂ ಬಾಯಿಪಾಠ.

ಎಲ್ಲವೂ ಹೋಗಿಲ್ಲವೆಂಬುದೇ ನನ್ನ ಹೊಟ್ಟೆಯುರಿಗೆ ಕಾರಣ. ತಂಜಾವೂರಿನ ಸರಸ್ವತಿ ಮಹಲಿನ ಹಸ್ತಪ್ರತಿಗಳಲ್ಲಿ ಹಳೆಯ ಗೀತ, ಸುಳಾದಿಗಳು ಸ್ವರಸಹಿತವಾಗಿ ಇವೆ. ಅವು ದಾಸರು ಹಾಡಿದ ಹಾಗೆಯೇ ಇವೆಯೆಂದು ಆಣೆಯಿಡಲಾಗದು. ಗ್ರಾಮಫೋನಿಗಿಂತ ಹಳೆಯವಂತೂ ಹೌದು. ಕೆಲವು ವಿದ್ವಾಂಸರು ಅವುಗಳ ಮೇಲೆ ದುಡಿದಿದ್ದಾರೆ. ಆ ದುಡಿಮೆ ಗ್ರಂಥಾಲಯದ ಕಪಾಟಿನಿಂದ ಭಜನಾಮಂಡಲಿಯವರೆಗೆ ನಡೆದು ಬರಲಿಲ್ಲ. ನಾವು 1964ರಲ್ಲಿ ದಾಸರಿಗೊಂದು ಅಂಚೆಚೀಟಿ ಕಂಡೆವು. ಹಂಪಿಯಲ್ಲಿ 1991ರಲ್ಲಿ ಕನ್ನಡಕ್ಕೊಂದು ವಿಶ್ವವಿದ್ಯಾಲಯವನ್ನೂ ಕಂಡೆವು. ಹುಟ್ಟೂರು ಹುಡುಕಲು ಸಮಿತಿ ಮಾಡಬಲ್ಲವರಿಗೆ ತಂಜಾವೂರಿನ ಪ್ರತಿಗಳನ್ನು ಕನ್ನಡ ಲಿಪಿಯಲ್ಲಿ ಅಗ್ಗದ ಬೆಲೆಗೆ ಅಚ್ಚುಹಾಕಿಸಿ ನಾಲ್ಕು ಜನ ಗಾಯಕರ ಕೈಗಿಡುವುದು ಭಾರವೆ?

ಪುಷ್ಯ ಬಹುಳ ಅಮಾವಾಸ್ಯೆಗೆ ಹೊಳೆಯ ದಡದ ಪುರಂದರ ಮಂಟಪದಲ್ಲಿ ಆರಾಧನೆ ನಡೆಯುತ್ತದೆ. ಮಳೆಗಾಲದಲ್ಲಿ ಅಣೆಕಟ್ಟಿನಿಂದ ನೀರು ಬಿಟ್ಟಾಗ ಮುಳುಗುವ ಆ ಮಂಟಪ ಅಷ್ಟು ಹೊತ್ತಿಗೆ ಒಣಗಿರುತ್ತದೆ. ಬರುವ ವರ್ಷದ ಆರಾಧನೆಗೆ ತಂಜಾವೂರಿನ ಪ್ರತಿಯಿಂದ ಒಂದೇ ಒಂದು ಸುಳಾದಿಯನ್ನು, ತಾಳಗಳೊಂದನ್ನೂ ಬಿಡದೆ, ಅಲ್ಲಿ ಹಾಡಿಸಲಿ. ಹಾಡುವವರು ಆರಗದವರಾದರೂ ಸರಿ, ಪುಣೆಯವರಾದರೂ ಸರಿ.