ಹಾಡಿಗೆ ಹುದ್ದೆಯಿಲ್ಲದ ಶಾಲೆಗಳು

ನಮ್ಮ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ಹಾಡು ಬೇಕು. ಹಾಡು ಕಲಿಸುವವರು ಬೇಡ. ಮಾತು ಕಟುವಾಯಿತೆಂದು ನನ್ನ ಹಿರಿಯ ಸಹೋದ್ಯೋಗಿಗಳು ಬೇಸರಿಸಿಕೊಂಡಾರು. ಆದರೂ ಹೇಳಲೇಬೇಕಾಗಿದೆ. ನಾಡಗೀತೆಯನ್ನು ಯಾವ ಧಾಟಿಯಲ್ಲಿ ಹಾಡಬೇಕೆಂಬ ವಿವಾದ ವರ್ಷಗಟ್ಟಲೆ ನಡೆದು, 2022ರಲ್ಲಿ ಸರ್ಕಾರವು ಮೈಸೂರು ಅನಂತಸ್ವಾಮಿಯವರ ರಾಗಸಂಯೋಜನೆಯನ್ನು ಒಪ್ಪಿ, 2 ನಿಮಿಷ 30 ಸೆಕೆಂಡುಗಳಲ್ಲಿ ಹಾಡಿ ಮುಗಿಸಬೇಕೆಂದು ಆದೇಶಿಸಿತು. ವಿಷಯ ಉಚ್ಚ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ಸೆಕೆಂಡುಗಳವರೆಗೆ ಚಿಂತಿಸಿದ ಸರ್ಕಾರ, ಆ ಧಾಟಿಯನ್ನು ಏಳು ವರ್ಷದ ಮಗುವಿನ ಬಾಯಿಗೆ ತರುವವರು ಯಾರೆಂದು ಚಿಂತಿಸಲಿಲ್ಲ. ಅದೇ ವರ್ಷ 6ರಿಂದ 8ನೆಯ ತರಗತಿಗಳಿಗೆ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿಗೆ ಪ್ರಕಟಣೆ ಹೊರಟಿತು. ಗಣಿತ, ವಿಜ್ಞಾನ, ಸಮಾಜ, ಇಂಗ್ಲಿಷ್ ಎಲ್ಲವೂ ಅದರಲ್ಲಿದ್ದವು. ಸಂಗೀತವಿರಲಿಲ್ಲ.

ಇದನ್ನು ಬರೆಯಲು ಕಾರಣ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಕೇಳಿದ ಪ್ರಶ್ನೆ. ಆಕೆಯ ಮಗಳು ಸಂಗೀತದ ಸೀನಿಯರ್ ಪರೀಕ್ಷೆ ಮುಗಿಸಿ ವಿದ್ವತ್ತಿಗೆ ಸಿದ್ಧಳಾಗುತ್ತಿದ್ದಾಳೆ. “ಮೇಷ್ಟ್ರೇ, ನಮ್ಮ ಸೀಮೆಯಲ್ಲೇ ಚಿಕ್ಕ ಮಕ್ಕಳಿಗೆ ಸಂಗೀತದ ಟೀಚರ್ ಆಗ್ತೀನಿ ಅಂತಾಳೆ, ಹೇಗೆ ಮುಂದುವರಿಯಲಿ?” ಎಂದಳು. ‘ನಮ್ಮ ಸೀಮೆ’ಯೆಂದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ತುಮಕೂರು ಜಿಲ್ಲೆಯೊಳಗೇ ಇದ್ದರೂ ಶಿಕ್ಷಣ ಇಲಾಖೆಯ ಪಾಲಿಗೆ ಈ ನಾಲ್ಕು ತಾಲ್ಲೂಕುಗಳು ಸೇರಿ ಪ್ರತ್ಯೇಕ ಶೈಕ್ಷಣಿಕ ಜಿಲ್ಲೆ. ಈ ಸೀಮೆಯಲ್ಲಿ ನಾನು ಪಾಠ ಹೇಳಿದ ಯಾವ ಪ್ರಾಥಮಿಕ ಶಾಲೆಯಲ್ಲಿಯೂ ಸಂಗೀತ ಶಿಕ್ಷಕರೆಂಬವರನ್ನು ಕಾಣಲಿಲ್ಲ.

ದಾರಿ ಇಲ್ಲವೇ ಇಲ್ಲವೆಂದಲ್ಲ. ಕೇಂದ್ರೀಯ ವಿದ್ಯಾಲಯಗಳಲ್ಲಿ ಪ್ರಾಥಮಿಕ ಸಂಗೀತ ಶಿಕ್ಷಕರೆಂಬ ಪ್ರತ್ಯೇಕ ಹುದ್ದೆಯೇ ಇದೆ; 2022ರ ಪ್ರಕಟಣೆಯಲ್ಲಿ ಅಂಥ 303 ಹುದ್ದೆಗಳನ್ನು ಕರೆದಿದ್ದರು. ಆದರೆ ಅವರು ಕೇಳುವುದು ಪಿಯುಸಿಯ ಅಂಕಗಳ ಜೊತೆಗೆ ಸಂಗೀತದಲ್ಲಿ ಪದವಿ ಅಥವಾ ತತ್ಸಮಾನ ಅರ್ಹತೆ. ಆದ್ದರಿಂದ ವಿದ್ವತ್ತಿನ ಪ್ರಮಾಣಪತ್ರವೊಂದನ್ನೇ ನೆಚ್ಚಿ ಕೂರಬೇಡಿ. ಮೈಸೂರಿನ ಗಂಗೂಬಾಯಿ ಹಾನಗಲ್ ವಿಶ್ವವಿದ್ಯಾಲಯದಂಥ ಕಡೆ ಪದವಿಯನ್ನೂ ಪಡೆಯಿರಿ. ನವೋದಯ ಶಾಲೆಗಳಲ್ಲಿಯೂ ಸಂಗೀತದ ಹುದ್ದೆಯುಂಟು, ಆದರೆ ಅಲ್ಲಿ 6ನೆಯ ತರಗತಿಯಿಂದ ಮೇಲಿನ ಮಕ್ಕಳು. ಹೀಗೆ ಕಲಿತ ಹುಡುಗಿ ಊರು ಬಿಟ್ಟು ಎಲ್ಲೋ ದೂರದ ಕೇಂದ್ರೀಯ ವಿದ್ಯಾಲಯದಲ್ಲಿ ಹಾಡು ಹೇಳಿಕೊಡುತ್ತಾಳೆ. ಊರಿನಲ್ಲೇ ಉಳಿದರೆ? ಖಾಸಗಿ ಶಾಲೆಯೊಂದು ವಾರ್ಷಿಕೋತ್ಸವಕ್ಕೆ ಎರಡು ತಿಂಗಳಿದೆ ಎನ್ನುವಾಗ ಕರೆಸಿಕೊಂಡು, ಸಿನಿಮಾ ಹಾಡಿಗೆ ಮಕ್ಕಳನ್ನು ಕುಣಿಸಲು ಹೇಳಿ, ಶಾಮಿಯಾನ ಬಿಚ್ಚಿದ ಮರುದಿನ ಕೈಮುಗಿದು ಕಳಿಸುತ್ತದೆ. ಇದನ್ನು ಉದ್ಯೋಗವೆನ್ನಲು ನನಗೆ ಬಾಯಿ ಬಾರದು.

ಕಾನೂನು ಏನನ್ನುತ್ತದೆ? 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ 6ರಿಂದ 8ನೆಯ ತರಗತಿಗಳಿಗೆ ಕಲಾ ಶಿಕ್ಷಣದ ಅರೆಕಾಲಿಕ ಬೋಧಕರು ಇರಬೇಕೆಂದಿದೆ. ಸಂತೋಷ. ಆದರೆ ಮಕ್ಕಳ ಸಂಖ್ಯೆ 100ಕ್ಕಿಂತ ಹೆಚ್ಚಿದ್ದರೆ ಮಾತ್ರ! ನಮ್ಮ ಹಳ್ಳಿಗಳ ಎಷ್ಟೋ ಶಾಲೆಗಳಲ್ಲಿ ಎಲ್ಲ ತರಗತಿ ಸೇರಿದರೂ ನೂರು ಮುಟ್ಟದು. ಒಂದರಿಂದ ಐದರವರೆಗಿನ ಮಕ್ಕಳಿಗಂತೂ ಆ ಅರೆಕಾಲಿಕ ಭಾಗ್ಯವೂ ಇಲ್ಲ. ಕಿವಿ ತೆರೆಯುವ ವಯಸ್ಸು ಅದೇ.

“ಹಾಡು ಹೇಳಿಕೊಡಲು ತರಗತಿಯ ಶಿಕ್ಷಕರೇ ಸಾಕು” ಎಂಬ ವಾದವನ್ನು ಸಭೆಗಳಲ್ಲಿ ಎಷ್ಟು ಸಲ ಕೇಳಿದ್ದೇನೋ! ಲೆಕ್ಕಕ್ಕೆ, ವಿಜ್ಞಾನಕ್ಕೆ ಈ ಮಾತನ್ನು ಯಾರೂ ಆಡುವುದಿಲ್ಲ. ಮೇಷ್ಟರು ತಮ್ಮ ಗಂಟಲಿಗೆ ಒಗ್ಗುವ ಶ್ರುತಿಯಲ್ಲಿ ಎತ್ತಿಕೊಳ್ಳುತ್ತಾರೆ; ಮಕ್ಕಳಲ್ಲಿ ಅರ್ಧದಷ್ಟು ಮಂದಿ ಕೆಳಗೆ ಗೊಣಗುತ್ತಾರೆ, ಉಳಿದವರು ಮೇಲೆ ಕಿರುಚುತ್ತಾರೆ. ಎಳೆಯ ಗಂಟಲಿಗೆ ಎಲ್ಲಿಂದ ಶ್ರುತಿ ಹಿಡಿಯಬೇಕು, ಶ್ರುತಿ ನಿಲ್ಲದ ಮಗುವನ್ನು “ನೀನು ಸುಮ್ಮನಿರು” ಎನ್ನದೆ ಹೇಗೆ ಸೇರಿಸಿಕೊಳ್ಳಬೇಕು ಎಂಬುದು ಕಲಿತೇ ಬರಬೇಕಾದ ವಿದ್ಯೆ. ತರಬೇತಿಯಲ್ಲಿ ನಾಲ್ಕು ಅಭಿನಯ ಗೀತೆ ಬರೆದುಕೊಂಡು ಬಂದರೆ ಅದು ದಕ್ಕುವುದಿಲ್ಲ.

1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ ರಾಜ್ಯಕ್ಕೆಲ್ಲ ಹರಡಿದ ನಲಿ-ಕಲಿ ಪದ್ಧತಿಯೂ ಹಾಡನ್ನು ಬಿಟ್ಟು ನಡೆಯಲಿಲ್ಲ. ಪಾವಗಡದ ಕಡೆಗೆ ಹೋಗಿ ನೋಡಿ. ಸುತ್ತಲೂ ಆಂಧ್ರ, ಎಷ್ಟೋ ಮನೆಗಳಲ್ಲಿ ಮಾತು ತೆಲುಗು. ಅಲ್ಲಿನ ಮಗು ಕನ್ನಡ ವಾಕ್ಯವನ್ನು ಆಡಲು ಹೆದರುತ್ತದೆ, ಆದರೆ ಅದೇ ವಾಕ್ಯ ಹಾಡಿನಲ್ಲಿ ಬಂದರೆ ಹೆದರದೆ ಹೇಳುತ್ತದೆ. ಇತ್ತ ಶಿರಾ ಸೀಮೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ ಜುಂಜಪ್ಪನ ಕಾವ್ಯವನ್ನು ಹಾಡುವವರಿದ್ದಾರೆ. ಗಣೆಯೆಂಬ ಉದ್ದನೆಯ ಬಿದಿರಿನ ಕೊಳಲಿನ ನಾದ ಆ ಹಾಡಿನ ಜೊತೆಗಿದೆ. ಅದನ್ನು ಕೇಳುತ್ತ ಬೆಳೆದ ಹುಡುಗ ಶಾಲೆಗೆ ಬಂದೊಡನೆ ಅವನಿಗೆ ಸಂಗೀತವೇ ತಿಳಿಯದೆಂದು ನಾವು ಎಣಿಸುತ್ತೇವೆ. ಪ್ರತಿಭಾ ಕಾರಂಜಿ ಹತ್ತಿರವಾದಾಗ ಮಾತ್ರ “ಜಾನಪದ ಗೀತೆಗೆ ಒಬ್ಬ ಬೇಕಲ್ಲ” ಎಂದು ಅವನ ನೆನಪಾಗುತ್ತದೆ.

ಪಾಠ ಮಾಡಲೇ ಶಿಕ್ಷಕರಿಲ್ಲದಿರುವಾಗ ಸಂಗೀತವೆಲ್ಲಿಂದ ಎಂಬ ಆಕ್ಷೇಪಣೆಯನ್ನು ನಾನು ತಳ್ಳಿಹಾಕುವುದಿಲ್ಲ. ಏಕೋಪಾಧ್ಯಾಯ ಶಾಲೆಯ ಕಷ್ಟ ಅನುಭವಿಸಿದವರಿಗೇ ಗೊತ್ತು. ಆದರೆ ಶಾಲೆಗೊಬ್ಬರನ್ನು ಯಾರು ಕೇಳಿದರು? ಇಲಾಖೆಯಲ್ಲಿ ಕ್ಲಸ್ಟರ್ ವ್ಯವಸ್ಥೆ ಇದ್ದೇ ಇದೆ. ಕ್ಲಸ್ಟರಿಗೊಬ್ಬ ಸಂಗೀತ ಶಿಕ್ಷಕರನ್ನು ಕಾಯಂ ಆಗಿ ನೇಮಿಸಿ, ದಿನಕ್ಕೆರಡು ಶಾಲೆಯಂತೆ ಸುತ್ತಲು ಬಿಟ್ಟರೆ ಪ್ರತಿ ಶಾಲೆಗೂ ವಾರದಲ್ಲಿ ಒಂದು ದಿನವಾದರೂ ಹಾಡು ಸಿಗುತ್ತದೆ. ಬಸ್ಸು ಹೋಗದ ಹಳ್ಳಿಗಳಿಗೆ ಪ್ರಯಾಣಭತ್ಯೆ, ಒಂದು ಶ್ರುತಿಪೆಟ್ಟಿಗೆ, ಉಳಿದವರಿಗಿರುವ ವೇತನಶ್ರೇಣಿ: ಇಷ್ಟೇ ಬೇಕಾದದ್ದು. ಗೌರವಧನದ ಮಾತು ಮಾತ್ರ ಬೇಡ. ಆ ಪದದಲ್ಲಿ ಗೌರವವೂ ಕಡಿಮೆ, ಧನವೂ ಕಡಿಮೆ.

ನಿಮ್ಮಲ್ಲಿ ಹಲವರು ಈಗ ನಿಮ್ಮೂರ ಎಸ್‌ಡಿಎಂಸಿಗಳಲ್ಲಿದ್ದೀರಿ, ಕೆಲವರು ಗ್ರಾಮ ಪಂಚಾಯಿತಿ ಸದಸ್ಯರೂ ಆಗಿದ್ದೀರಿ. ಈ ಬೇಡಿಕೆಯ ಮನವಿಯೊಂದರ ಕರಡನ್ನು ಬರೆದಿಟ್ಟಿದ್ದೇನೆ, ಒಂದೇ ಪುಟ. ಮುಂದಿನ ಸಭೆಯಲ್ಲಿ ಓದಿ, ನಿರ್ಣಯ ಮಾಡಿ, ಮಧುಗಿರಿಯ ಉಪನಿರ್ದೇಶಕರ ಕಚೇರಿಗೆ ಕಳಿಸುವ ಮನಸ್ಸಿದ್ದವರು ತಿಳಿಸಿ, ಪ್ರತಿ ಕಳಿಸುತ್ತೇನೆ.